ಮನೆಗಿಂತ ಮೊದಲು ಬಂದ ಗೇಟು

ಮನೆ ಕೊಳ್ಳುವ ಮೊದಲೇ ಅದರ ಗೇಟು ಮಾಡಿ, ಬಣ್ಣ ಹೊಡೆದು, ಒಣಗಿಸಿ ಇಟ್ಟುಕೊಂಡವನು ಶಿವಮೊಗ್ಗದಲ್ಲಿ ನಾನೊಬ್ಬನೇ ಇರಬೇಕು. ಬೇರೆ ಯಾರಾದರೂ ಇದ್ದರೆ ದಯವಿಟ್ಟು ನಮ್ಮ ಶೆಡ್ಡಿಗೆ ಬನ್ನಿ, ಟೀ ಕುಡಿಸುತ್ತೇನೆ.

ನನ್ನದು ಗೇಟು, ಗ್ರಿಲ್ಲು ಮಾಡುವ ಕೆಲಸ. ರಾಗಿಗುಡ್ಡದ ಕಡೆ ಒಂದು ಶೆಡ್ಡಿದೆ. ಏಳನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟು ವೆಲ್ಡಿಂಗಿಗೆ ಸೇರಿದವನು ನಾನು. ಅಂದಿನಿಂದ ಊರಿನವರ ಮನೆಗಳನ್ನೆಲ್ಲ ಭದ್ರ ಮಾಡುತ್ತಲೇ ಬಂದಿದ್ದೇನೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಗೇಟು ನೋಡಿ ಮನೆಯವರ ಗುಣ ಹೇಳಬಲ್ಲೆ. ಹತ್ತು ಕಡೆ ಚೂಪು ಮೊನೆ ಕೇಳುವವರು ಸಾಮಾನ್ಯವಾಗಿ ಹೆದರುಪುಕ್ಕಲರು. ಮೊನೆಯೇ ಬೇಡ, ಬಳ್ಳಿ ಡಿಸೈನು ಸಾಕು ಎನ್ನುವವರ ಮನೆಯಲ್ಲಿ ನಾಯಿ ಇರುತ್ತದೆ. ಸ್ವಂತ ಮನೆ ಇಲ್ಲದ ನನಗೆ ಮಾತ್ರ ನನ್ನ ಗುಣ ಏನೆಂದು ತಿಳಿಯುವ ದಾರಿ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಭದ್ರಾವತಿಯ ಜನ್ನಾಪುರದಲ್ಲಿ ಒಂದು ಮನೆ ಕಣ್ಣಿಗೆ ಬಿತ್ತು. ಹನುಮಂತಪ್ಪ ಎನ್ನುವವರದು. ಕಾರ್ಖಾನೆಯಲ್ಲಿ ದುಡಿದು, ಕಾಗದನಗರದ ಕ್ವಾರ್ಟರ್ಸಿನಲ್ಲಿ ಇದ್ದು, ನಿವೃತ್ತರಾದ ಮೇಲೆ ಅಪ್ಪನ ಈ ಮನೆಗೆ ಬಂದವರು. ಈಗ ದಾವಣಗೆರೆಯಲ್ಲಿ ಮಗಳ ಮನೆ ಹತ್ತಿರ ಇನ್ನೊಂದು ನೋಡಿಕೊಂಡು ಇದನ್ನು ಕೊಡುವವರಿದ್ದರು. ಗಟ್ಟಿ ಗೋಡೆ, ಒಳ್ಳೆಯ ನೀರು, ಮುಂದೆ ತುಕ್ಕು ತಿಂದ ಗೇಟು. ನನ್ನ ಹೆಂಡತಿ ಶಾರದ ಅಡುಗೆಮನೆ ನೋಡಿದಳು, ನಾನು ಗೇಟು ನೋಡಿದೆ. ಇಬ್ಬರಿಗೂ ಮನೆ ಒಪ್ಪಿಗೆಯಾಯಿತು, ಅವಳಿಗೆ ಇರುವುದು ನೋಡಿ, ನನಗೆ ಇಲ್ಲದಿರುವುದು ನೋಡಿ.

ಅಡ್ವಾನ್ಸು ಕೊಟ್ಟು ಅಗ್ರಿಮೆಂಟು ಮಾಡಿಕೊಂಡ ದಿನ ಬ್ರೋಕರ್ ನನ್ನ ಹೆಗಲ ಮೇಲೆ ಕೈ ಹಾಕಿ, "ಮೂರು ತಿಂಗಳು ಮಾರಾಯ್ರೆ, ಅದ್ರ ಮೇಲೆ ಒಂದಿನ ಆಗಲ್ಲ. ಆಷಾಢಕ್ಕೆ ಮುಂಚೆ ಹಾಲು ಉಕ್ಕಿಸ್ತೀರಿ, ಪಕ್ಕಾ" ಎಂದ. ನಾನು ಆ ಮಾತು ನಂಬಿ, ಮಾರನೆಯ ವಾರವೇ ಅಳತೆ ಹಿಡಿದು ಗೇಟು ಮಾಡಲು ಕೂತೆ. ಅದು ನನ್ನ ಜೀವಮಾನದ ಗೇಟು. ಹೊರಗಿನಿಂದ ಯಾರೂ ಕೈ ತೂರಿಸಿ ತೆಗೆಯಬಾರದೆಂದು ಚಿಲಕದ ಸುತ್ತ ದಪ್ಪ ತಗಡು ಕೂರಿಸಿದ್ದೆ. ಅದರ ಮೇಲೆ ನನಗೆ ಬಹಳ ಹೆಮ್ಮೆಯಿತ್ತು.

ಆಮೇಲೆ ಕಾಯುವುದು ಶುರುವಾಯಿತು. ಮನೆ ಕೊಳ್ಳುವುದೆಂದರೆ ದುಡ್ಡು ಕೊಟ್ಟು ಬೀಗದಕೈ ತೆಗೆದುಕೊಳ್ಳುವುದು ಎಂದು ನಾನು ತಿಳಿದಿದ್ದೆ. ಅದು ಸೈಕಲ್ ಕೊಳ್ಳುವ ರೀತಿ. ಮನೆ ಕೊಳ್ಳುವಾಗ ಮನೆಯನ್ನು ಬಿಟ್ಟು ಉಳಿದುದೆಲ್ಲವೂ ಮೊದಲು ನಮ್ಮ ಕೈಗೆ ಬರುತ್ತದೆ. ಇ-ಖಾತೆ ಬಂತು, ಅದರಲ್ಲಿ ಹನುಮಂತಪ್ಪನವರ ಅಪ್ಪನ ಹೆಸರಿನ ಒಂದು ಅಕ್ಷರ ಹೋಗಿತ್ತು. ಅದನ್ನು ಸರಿಮಾಡಿಸುವಷ್ಟರಲ್ಲಿ ಬೇಸಿಗೆ ಹೋಯಿತು. ಕೊನೆಗೆ ಕಡತ ಬ್ಯಾಂಕಿನ ವಕೀಲರ ಮೇಜಿಗೆ ಹೋದಾಗ, ಅವರು ಕನ್ನಡಕ ತೆಗೆದಿಟ್ಟು ಕೇಳಿದರು, "ಜಾಗ ತಂದೆಯದು. ತಂದೆಗೆ ಮಗಳೂ ಇದ್ದಾರಲ್ಲ, ಅವರ ಸಹಿ ಎಲ್ಲಿ? ಅದಿಲ್ಲದೆ ಸಾಲ ಕೊಡಲು ಬರುವುದಿಲ್ಲ." ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿ ಇದ್ದದ್ದೇ ನನಗೆ ಕಷ್ಟವಾಯಿತು.

ಅಷ್ಟರಲ್ಲಿ ಆಷಾಢ ಬಂತು, ಅಗ್ರಿಮೆಂಟಿನ ಅವಧಿಯೂ ತೀರಿತು. ಪೂರ್ತಿ ನಗದು ಕೊಡುತ್ತೇನೆಂದು ಇನ್ನೊಬ್ಬರು ಹನುಮಂತಪ್ಪನವರ ಮನೆಗೆ ಬಂದು ಹೋದ ಸುದ್ದಿ ಬ್ರೋಕರ್‌ನಿಂದಲೇ ಸಿಕ್ಕಿತು. ಹನುಮಂತಪ್ಪನವರು ನನಗೆ ಫೋನು ಮಾಡಿ, "ನವರಾತ್ರಿವರೆಗೆ ಕಾಯ್ತೀನಪ್ಪ. ಆಮೇಲೆ ನನ್ನ ಬೈಕೋಬೇಡ" ಎಂದರು. ಮನೆ ಸಿಗುವುದೋ ಕೈ ಬಿಡುವುದೋ ಈಗ ನಾನು ಕಂಡೇ ಇರದ ಅವರ ತಂಗಿಯ ಕೈಯಲ್ಲಿತ್ತು.

ಗೇಟು ಶೆಡ್ಡಿನ ಮುಂದೆ ಗೋಡೆಗೆ ಒರಗಿ ನಿಂತಿತ್ತು. ಎದುರಿನ ಟೀ ಅಂಗಡಿಯವನಿಗೆ ಅದೊಂದು ದಿನದ ಮನರಂಜನೆ. "ಏನ್ ಮಾರಾಯ, ಗೇಟು ಬಂತು, ಮನೆ ಹಿಂದಿನ ಲಾರೀಲಿ ಬರ್ತಿದ್ಯಾ?" ಎಂದು ಗಿರಾಕಿಗಳ ಎದುರೇ ಕೇಳುವನು. ಇಬ್ಬರು ಮೂವರು ಅದನ್ನೇ ಕೊಳ್ಳಲು ಬಂದರು. ಕೊಡುವುದಿಲ್ಲ ಎಂದೆ. ಮನೆಯೇ ಸಿಗದಿದ್ದರೆ ಆ ಗೇಟಿನ ಈಚೆ ನಿಲ್ಲುವುದೋ ಆಚೆ ನಿಲ್ಲುವುದೋ ಎಂಬುದು ಮಾತ್ರ ನನಗೂ ತಿಳಿದಿರಲಿಲ್ಲ.

ಹನುಮಂತಪ್ಪನವರ ತಂಗಿ ಗಿರಿಜಮ್ಮ ಇರುವುದು ತರೀಕೆರೆಯಲ್ಲಿ. ಹಣ್ಣು ತೆಗೆದುಕೊಂಡು ಶಾರದಳ ಜೊತೆ ಹೋದೆ. ಪಾಲು ಕೇಳುತ್ತಾರೆ, ಆಗ ನಾನು ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡಿದ್ದೆ. ಅವರು ಕಾಫಿ ಕೊಟ್ಟು ಎದುರಿಗೆ ಕೂತರು.

"ಪಾಲು ಕೇಳ್ತಿದೀನಿ ಅಂದ್ನಾ ನಮ್ಮಣ್ಣ?"

"ಇಲ್ಲಮ್ಮ. ಸಹಿ ಬೇಕು ಅಂದ್ರು, ಅಷ್ಟೇ."

"ನಂಗೆ ಒಂದ್ ಇಟ್ಟಿಗೇನೂ ಬೇಡ. ಗೌರಿ ಹಬ್ಬಕ್ಕೆ ಆ ಮನೆಗೆ ಕರೆದು ಮೊರದ ಬಾಗಿನ ಕೊಡ್ಲಿ, ಹಬ್ಬ ಮುಗೀತಿದ್ದಂಗೆ ಎಲ್ಲಿ ಹೇಳ್ತಾರೋ ಅಲ್ಲಿ ಸಹಿ ಹಾಕ್ತೀನಿ. ಎಷ್ಟೋ ವರ್ಷದಿಂದ ಫೋನಲ್ಲಿ ದುಡ್ಡು ಹಾಕಿ ಕೈ ತೊಳ್ಕೊಂಡ. ಬಾಗಿನ ಅಂದ್ರೆ ರೀಚಾರ್ಜಾ?"

ನನಗೆ ನಗು ಬಂತು, ಆದರೆ ನಗುವ ಸ್ಥಿತಿಯಲ್ಲಿ ಇರಲಿಲ್ಲ. ಗೌರಿ ಹಬ್ಬವೆಂದರೆ ಆಷಾಢ ಮುಗಿದು, ಶ್ರಾವಣ ಕಳೆದು, ಭಾದ್ರಪದ ಬರಬೇಕು. ಅದರ ಬೆನ್ನಿಗೇ ಪಿತೃಪಕ್ಷ. ಪಕ್ಷದಲ್ಲಿ ನೋಂದಣಿ ಮಾಡಲು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ನಡುವೆ ಸಿಗುವ ಸಂದಿನಲ್ಲಿ ಎಲ್ಲ ಮುಗಿಯಬೇಕು, ತಪ್ಪಿದರೆ ನವರಾತ್ರಿ, ಅಷ್ಟರಲ್ಲಿ ಮನೆ ಇನ್ನೊಬ್ಬರದು. "ಅಮ್ಮ, ಸ್ವಲ್ಪ ಮೊದಲೇ..." ಎಂದು ಬಾಯಿ ತೆಗೆದೆ. ಶಾರದ ನನ್ನ ಕಾಲು ತುಳಿದಳು. ವಾಪಸು ಬಸ್ಸಿನಲ್ಲಿ ಹೇಳಿದಳು, "ಅವ್ರು ಸರಿಯಾಗೇ ಕೇಳಿದ್ದಾರೆ. ನಾವು ತಗೊಂಡ್ಮೇಲೆ ಅವ್ರಿಗೆ ಹೋಗೋಕೆ ತವರು ಎಲ್ಲಿರತ್ತೆ?"

ಇಷ್ಟು ದಿನ ನಾನು ಆ ಮನೆಯನ್ನು ಹನುಮಂತಪ್ಪನವರದು, ಇಲ್ಲವೆ ನನ್ನದು ಎಂದು ಮಾತ್ರ ಯೋಚಿಸಿದ್ದೆ. ಮಾರಾಟವಾಗುವ ಮನೆಯಲ್ಲಿ ಮೂರನೆಯವರು ಒಬ್ಬರು ಇರುತ್ತಾರೆ ಎಂದು ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಹನುಮಂತಪ್ಪನವರಿಗೆ ಹೇಳಿದಾಗ, "ಅವ್ಳು ಚಿಕ್ಕೋಳಿದ್ದಾಗಿಂದ್ಲೂ ಹಂಗೇ" ಎಂದು ಗೊಣಗಿದರು. ಆದರೆ ದಾವಣಗೆರೆಗೆಂದು ಕಟ್ಟಿಟ್ಟಿದ್ದ ಸಾಮಾನನ್ನು ಹಬ್ಬಕ್ಕಾಗಿ ಮತ್ತೆ ಬಿಚ್ಚಿ, ಬಾಗಿಲಿಗೆ ತೋರಣ ಕಟ್ಟಿಸಿ, ತಾವೇ ಹೋಗಿ ತಂಗಿಯನ್ನು ಕರೆದುಕೊಂಡು ಬಂದರು. ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬೇಳೆ, ಬೆಲ್ಲ ಎಲ್ಲ ಇಟ್ಟು ಮೊರ ಮುಚ್ಚಿ ಕೊಟ್ಟರಂತೆ. ನಾವು ಆ ದಿನ ಹೋಗಲಿಲ್ಲ. ಅದು ಅವರ ಮನೆಯ ಹಬ್ಬ.

ಗಿರಿಜಮ್ಮ ಮಾತು ತಪ್ಪಲಿಲ್ಲ. ಅವರ ಸಹಿ ಬರುತ್ತದೆಂದ ಮೇಲೆ ಬ್ಯಾಂಕೂ ಸಾಲಕ್ಕೆ ಒಪ್ಪಿತು. ನೋಂದಣಿ ಕಚೇರಿಗೆ ಹೋದರೆ, ಪಕ್ಷಕ್ಕೆ ಮುಂಚೆ ಮುಗಿಸಿಕೊಳ್ಳಲು ಊರಿಗೆ ಊರೇ ಬಂದಂತಿತ್ತು. ಮೊದಲ ದಿನ ಸರದಿ ಬರಲಿಲ್ಲ. ಮರುದಿನ ಗಿರಿಜಮ್ಮ ತರೀಕೆರೆಯಿಂದ ಮತ್ತೆ ಬಸ್ಸು ಹತ್ತಿ ಬಂದರು. ಬೆಂಚಿನ ಮೇಲೆ ಕಾಯುತ್ತಿದ್ದಾಗ ನನ್ನನ್ನು ಕೇಳಿದರು:

"ಹೊಸ ಗೇಟು ಮಾಡಿಟ್ಟಿದ್ದೀರಂತೆ. ಹೊರಗಿಂದ ಕೈ ಹಾಕಿದ್ರೆ ಚಿಲಕ ಸಿಗತ್ತಾ? ಹಳೇದ್ರಲ್ಲಿ ಸಿಗ್ತಿತ್ತು. ಸ್ಕೂಲಿಂದ ಬಂದು ನಾನೇ ತಕ್ಕೊಂಡು ಒಳಗೆ ಹೋಗ್ತಿದ್ದೆ."

ಆ ಚಿಲಕದ ತಗಡಿನ ಬಗ್ಗೆ ಯಾರ ಹತ್ತಿರವಾದರೂ ಅರ್ಧ ಗಂಟೆ ಮಾತಾಡಬಲ್ಲ ನಾನು, "ನೋಡ್ತೀನಮ್ಮ" ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ನಮ್ಮನ್ನು ಒಳಗೆ ಕರೆದರು. ಅವರು ಸಹಿ ಹಾಕಿದರು, ಹೆಬ್ಬೆಟ್ಟು ಕೊಟ್ಟರು, ಫೋಟೋಗೆ ಸೆರಗು ಸರಿಮಾಡಿಕೊಂಡರು. ಮನೆ ನನ್ನದಾಯಿತು.

ಗೇಟು ಕೂರಿಸುವ ಹಿಂದಿನ ದಿನ ಶೆಡ್ಡಿನಲ್ಲಿ ಅದನ್ನು ಅಡ್ಡ ಮಲಗಿಸಿ, ಚಿಲಕದ ಪಕ್ಕ ತಗಡಿನಲ್ಲಿ ಒಂದು ಕಿಂಡಿ ಕತ್ತರಿಸಿದೆ. ಕೈ ಹೋಗುವಷ್ಟು. ಅಂಚುಗಳನ್ನು ಬಳೆ ಸಿಕ್ಕಿಕೊಳ್ಳದ ಹಾಗೆ ಚೆನ್ನಾಗಿ ಉಜ್ಜಿದೆ. "ಅಷ್ಟು ಭದ್ರ ಮಾಡಿ ಈಗ ತೂತು ಮಾಡ್ತಿದ್ದೀಯಲ್ಲೋ" ಎಂದ ಟೀ ಅಂಗಡಿಯವನು. ನಾನು ಕಿಂಡಿಯ ಅಂಚಿಗೆ ಬಣ್ಣ ಹಚ್ಚಿದೆ. ನನ್ನ ಗೇಟು ನೋಡಿ ನನ್ನ ಗುಣ ಏನೆಂದು ಬೇರೆಯವರು ಬೇಕಾದರೆ ಹೇಳಲಿ.

ಮರುವರ್ಷ ಗೌರಿ ಹಬ್ಬದ ಬೆಳಿಗ್ಗೆ ನಾನು ನಡುಮನೆಯಲ್ಲಿ ಕೂತಿದ್ದೆ. ಶಾರದ ಎರಡು ಮೊರ ತಂದಿಟ್ಟಿದ್ದಳು, ಯಾರಿಗೆಂದು ನಾನು ಕೇಳಿರಲಿಲ್ಲ. ಹೊರಗೆ ತಗಡಿಗೆ ಬಳೆ ತಾಗಿದ ಸದ್ದು, ಚಿಲಕ ಸರಿದ ಸದ್ದು. ನಾನು ಏಳಲು ಹೋದೆ. "ಕೂತ್ಕೊಳ್ಳಿ, ಅವ್ರಿಗೆ ಗೊತ್ತು" ಎಂದಳು ಶಾರದ.

ಅಡ್ವಾನ್ಸು ಕೊಟ್ಟ ಮೇಲೆ ಮನೆ ಕೈಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಗೇಟು ಮಾಡಿಸಲು ಬಂದವರು ಈಗ ನನ್ನನ್ನು ಕೇಳುತ್ತಾರೆ. ಬ್ರೋಕರ್ ಮೂರು ತಿಂಗಳು ಅನ್ನುತ್ತಾನೆ, ಬ್ಯಾಂಕಿನವರು ನೋಂದಣಿಯ ದಿನಕ್ಕೆ ಲೆಕ್ಕ ಮುಗಿಸುತ್ತಾರೆ. ನಮಗೆ ಎರಡು ಗೌರಿ ಹಬ್ಬ ಹಿಡಿಯಿತು ಎಂದು ನಾನು ಹೇಳುತ್ತೇನೆ. ಆಮೇಲೆ ಅಳತೆಯ ಟೇಪು ತೆಗೆದುಕೊಂಡು, ಹೊರಗಿನಿಂದ ಚಿಲಕ ಸಿಗಬೇಕೋ ಬೇಡವೋ ಎಂದು ಮೊದಲು ಅವರನ್ನು ಕೇಳುತ್ತೇನೆ.