ಭಟ್ಟರ ಹಳದಿ ಕ್ಯಾಪ್ಸೂಲ್

ಕೋವಿಡ್ ವಾರ್ಡುಗಳು ಮುಚ್ಚಿ ಎರಡು ವರ್ಷವಾಗಿತ್ತು. ಆಗ ನಾನು ವಾರಾಣಸಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶ್ವಾಸಕೋಶ ತಜ್ಞ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು; ಅಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿ ಓದಿಸಿದರು. ಆ ಹೆಮ್ಮೆ ಈಗಲೂ ಇದೆ. ಆದರೆ ಆ ಹೊತ್ತಿಗೆ ಯಾರಾದರೂ ಕೆಮ್ಮಿದರೇ ನನಗೆ ಸುಸ್ತಾಗುತ್ತಿತ್ತು.

ಶ್ರಾವಣದ ನಡುವೆ ಹನುಮಾನ್ ಘಾಟಿನ ಭಟ್ಟರು ಬಂದರು. ಅರವತ್ತೆಂಟು ವರ್ಷ, ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರು. ಮೂರು ತಿಂಗಳಿಂದ ಒಣಕೆಮ್ಮು, ನಾಲ್ಕು ಮೆಟ್ಟಿಲಿಗೆ ಏದುಸಿರು. ರಕ್ತದ ಆಮ್ಲಜನಕ 88. ಇರಬೇಕಾದ್ದು 95ರ ಮೇಲೆ.

"ಪಿತೃಪಕ್ಷಕ್ಕೆ ಒಂದೇ ತಿಂಗಳಿದೆ ಸಾಹೇಬ್ರೆ. ಅಷ್ಟರೊಳಗೆ ನನ್ನನ್ನು ಕೂರೋ ಹಾಗೆ ಮಾಡಿ. ಊರಿಂದ ಜನ ಟಿಕೆಟ್ ಮಾಡಿಸಿಬಿಟ್ಟಿದ್ದಾರೆ."

"ಬೇರೆ ರೋಗಕ್ಕೆ ಏನಾದರೂ ಔಷಧ ತಗೋತೀರಾ?"

"ಬಿಪಿ ಮಾತ್ರೆ, ಅಷ್ಟೇ."

ವಾರ್ಡಿಗೆ ದಾಖಲಿಸಿಕೊಂಡೆ. ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ಕೆಳಭಾಗ ಮಂಜು ಕವಿದಂತಿತ್ತು. ಅದು ಉರಿಯೂತ. ಯಾವುದರಿಂದ ಎಂಬುದು ಮಾತ್ರ ಗೊತ್ತಿಲ್ಲ. ಕ್ಷಯದ ಪರೀಕ್ಷೆ ನೆಗೆಟಿವ್. ಚಿತೆಯ ಹೊಗೆಯೇ? ಮನೆಯ ಮಾಡಿನಲ್ಲಿರುವ ಪಾರಿವಾಳಗಳ ಹಿಕ್ಕೆಯೇ? ದಿನಕ್ಕೊಂದು ಗುಮಾನಿ. ಸೋಂಕಿರಬಹುದೆಂದು ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಿದೆ. ವಾರ ಕಳೆದರೂ ಉರಿಯೂತ ಇಳಿಯಲಿಲ್ಲ. ಆಮ್ಲಜನಕ 85ಕ್ಕೆ ಬಿತ್ತು.

ಎಂಟನೇ ದಿನ ಮಧ್ಯಾಹ್ನ ನಾನು ಪಕ್ಕದ ಹಾಸಿಗೆಯ ರೋಗಿಯನ್ನು ನೋಡುತ್ತಿದ್ದೆ. ಭಟ್ಟರ ಹೆಂಡತಿ ಡಬ್ಬಿಯ ಊಟ ಮಾಡಿಸಿ, ಸೆರಗಿನ ಗಂಟಿನಿಂದ ಒಂದು ಹಳದಿ ಕ್ಯಾಪ್ಸೂಲ್ ತೆಗೆದು ಅವರ ಅಂಗೈಗೆ ಹಾಕಿದರು.

"ಅದೇನಮ್ಮಾ?"

"ಇದಾ? ಮೂತ್ರದ ಉರಿಗೆ. ಶ್ರಾದ್ಧಕ್ಕೆ ಕೂತ್ರೆ ಇವ್ರು ಮಧ್ಯಾಹ್ನದ ತನಕ ಏಳೋ ಹಾಗಿಲ್ಲ. ಎದ್ರೆ ಮತ್ತೆ ಸ್ನಾನ, ಮತ್ತೆ ಮಡಿ. ಅದಕ್ಕೆ ನೀರೇ ಕುಡಿಯಲ್ಲ. ಪದೇ ಪದೇ ಉರಿ ಬರ್ತಿತ್ತು. ಇದು ಶುರುವಾದ್ಮೇಲೆ ಆರಾಮ್."

ನೈಟ್ರೊಫುರಾಂಟಾಯಿನ್. ಮೂತ್ರದ ಸೋಂಕಿಗೆ ಕೊಡುವ ಆಂಟಿಬಯಾಟಿಕ್. ಯಾರೋ ಡಾಕ್ಟರು ಒಂದು ವಾರಕ್ಕೆಂದು ಬರೆದುಕೊಟ್ಟದ್ದನ್ನು ಭಟ್ಟರು ಹತ್ತು ತಿಂಗಳು ನುಂಗಿದ್ದರು. ದೀರ್ಘಕಾಲ ತೆಗೆದುಕೊಂಡರೆ ಅಪರೂಪಕ್ಕೆ ಕೆಲವರ ಶ್ವಾಸಕೋಶವನ್ನೇ ಅದು ಉರಿಸುತ್ತದೆ. ನಾನು ಊರೆಲ್ಲ ಹುಡುಕುತ್ತಿದ್ದ ಕಾರಣ ನನ್ನದೇ ವಾರ್ಡಿನಲ್ಲಿ ದಿನಾ ಹೊಟ್ಟೆ ಸೇರುತ್ತಿತ್ತು.

"ಕೇಳಿದಾಗ ಹೇಳಲಿಲ್ವಲ್ಲ ಭಟ್ಟರೇ?"

ಅವರು ಆಮ್ಲಜನಕದ ಮಾಸ್ಕ್ ಸರಿಸಿದರು. "ನೀವು ರೋಗಕ್ಕೆ ಏನು ತಗೋತೀರಿ ಅಂದ್ರಿ. ಇದು ರೋಗಕ್ಕಲ್ಲ, ಕೂರೋದಕ್ಕೆ."

"ಬೆಳಗಿಂದ ಮಂತ್ರ ಹೇಳೋ ಬಾಯಿ, ಡಾಕ್ಟ್ರ ಮುಂದೆ ಮಾತ್ರ ಮೌನವ್ರತ!" ಎಂದರು ಹೆಂಡತಿ.

ಕ್ಯಾಪ್ಸೂಲ್ ನಿಲ್ಲಿಸಿ ಸ್ಟೀರಾಯ್ಡ್ ಶುರು ಮಾಡಿದೆ. ಮೂರು ವಾರಕ್ಕೆ 94 ಬಂತು. ಅಷ್ಟರಲ್ಲಿ ಪಿತೃಪಕ್ಷ ಆರಂಭವಾಗಿತ್ತು. ಅವರ ಯಾತ್ರಿಕರಿಗೆ ಬೇರೊಬ್ಬರು ಶ್ರಾದ್ಧ ಮಾಡಿಸಿದರು. ಆರು ತಿಂಗಳ ನಂತರದ ಸ್ಕ್ಯಾನಿನಲ್ಲೂ ಗಾಯದ ಕಲೆ ಉಳಿದಿತ್ತು. ಉದ್ದದ ಮಂತ್ರ ಒಂದೇ ಉಸಿರಿಗೆ ಬರುತ್ತಿರಲಿಲ್ಲ.

"ಆ ಹಳದಿ ಕ್ಯಾಪ್ಸೂಲ್ ವಾರಕ್ಕೊಂದಾದ್ರೂ ತಗೋಬಹುದಾ?" ಎಂದು ಕೇಳಿದರು.

"ಬೇಡ. ನೀರು ಕುಡೀರಿ. ಬಂದಾಗ ಎದ್ದು ಹೋಗಿ."

"ಹಾಗಾದ್ರೆ ನನ್ನ ಕೂರಾಟ ಮುಗೀತು ಅನ್ನಿ." ನಾನು ಚೀಟಿ ಬರೆಯುತ್ತ ಕೂತೆ.

ಔಷಧ ಏನು ತಗೋತೀರಿ ಎಂದು ಕೇಳುವುದನ್ನು ಪುಸ್ತಕ ಕಲಿಸಿತ್ತು. ಈಗ ಬೆಳಗಿಂದ ಮಲಗುವ ತನಕ ಏನೇನು ನುಂಗುತ್ತೀರಿ, ಯಾವ ಕೆಲಸಕ್ಕೆ ಅಡ್ಡಿಯಾಗದಿರಲಿ ಎಂದು ನುಂಗುತ್ತೀರಿ ಎಂದು ಕೇಳುತ್ತೇನೆ. ಒಬ್ಬರಿಗೆ ಹತ್ತು ನಿಮಿಷ ಹಿಡಿಯುತ್ತದೆ; ಹೊರಗೆ ಸಾಲಿನಲ್ಲಿದ್ದವರು ಗೊಣಗುತ್ತಾರೆ. ಆ ಹತ್ತು ನಿಮಿಷವನ್ನು ಮೊದಲ ದಿನವೇ ಕೊಟ್ಟಿದ್ದರೆ, ನನ್ನ ವಾರ್ಡಿನಲ್ಲಿ ಭಟ್ಟರು ನುಂಗಿದ ಏಳು ಕ್ಯಾಪ್ಸೂಲಾದರೂ ತಪ್ಪುತ್ತಿದ್ದವು.