ಸುಮ್ಮನೆ ಜೊತೆಗಿರುವ ಕೆಲಸ

ಸಾಸಿವೆ ಹೊಲದ ಮೇಲೆ ಮಂಜು ಇನ್ನೂ ಕದಲಿಲ್ಲ. ಫುಲಪಾತಿ ಥಾರು ಸೈಕಲ್ ಹೊರಗೆ ತರುವಷ್ಟರಲ್ಲಿ ಮಾರಿತ್ ಅಂಗಳಕ್ಕೆ ಬಂದು ನಿಂತಿದ್ದಾರೆ.

"ಮತ್ತೆ ಫೋನ್ ಬಂತಾ?"

"ಬಂತು. ನಿಮ್ಮನೆ ಬಾವಿ ಆಳ ಇದೆ ಅಂದ. ತೋಡಿಸಿದೋಳು ನಾನೇ ಕಣಪ್ಪಾ, ಗೊತ್ತು ಅಂದೆ."

ಇಬ್ಬರೂ ನೇಪಾಳದ ಬರ್ದಿಯಾ ಜಿಲ್ಲಾ ಕಚೇರಿಯತ್ತ ಹೊರಡುತ್ತಾರೆ. ಮಾವೋವಾದಿ ಯುದ್ಧದ ವರ್ಷಗಳಲ್ಲಿ ಸೈನಿಕರು ಎಳೆದೊಯ್ದ ಫುಲಪಾತಿಯ ಗಂಡ ಮರಳಲೇ ಇಲ್ಲ. ಅಂಥ ಮನೆಗಳ ಹೆಂಗಸರನ್ನು ಒಟ್ಟುಗೂಡಿಸಿ ಆಕೆ ದೂರು ಕೊಟ್ಟಿದ್ದಾಳೆ. ಅಂದು ಸೈನಿಕರಿಗೆ ಮನೆ ತೋರಿಸಿದವನು ಇಂದು ರಸ್ತೆ ಗುತ್ತಿಗೆದಾರ. ದೂರಿನಲ್ಲಿ ಅವನ ಹೆಸರಿದೆ; ದೂರು ಕೊಟ್ಟಾಗಿನಿಂದ ಬೆದರಿಕೆಯ ಫೋನ್‌ಗಳು ಬರುತ್ತಿವೆ. (ಇಲ್ಲಿ ಈ ಹೆಂಗಸರಿಬ್ಬರ ಹೆಸರು ಬದಲಿಸಿದ್ದೇನೆ.)

ಫಿನ್‌ಲ್ಯಾಂಡಿನಲ್ಲಿ ಟ್ರಾಮ್ ಓಡಿಸುತ್ತಿದ್ದ ಮಾರಿತ್, ಇಂಥವರ ಜೊತೆಗಿರಲೆಂದು ಸಂಸ್ಥೆಯೊಂದು ಕಳಿಸಿದ ಸ್ವಯಂಸೇವಕಿ. ಅವರಿಗೆ ಇಲ್ಲಿ ಸಂಬಳವಿಲ್ಲ. ಕೈಯಲ್ಲಿ ಆಯುಧವಿಲ್ಲ. ಸಲಹೆ ಕೊಡುವಂತಿಲ್ಲ, ಯಾರ ಪರವಾಗಿಯೂ ಮಾತಾಡುವಂತಿಲ್ಲ. ಹೊರದೇಶದವಳೊಬ್ಬಳು ನೋಡುತ್ತಿದ್ದಾಳೆ ಎಂಬ ಅಳುಕು ಎದುರಿನವನಿಗೆ ಹುಟ್ಟಿದರೆ ಆ ದಿನದ ಕೆಲಸ ಮುಗಿದಂತೆ.

ದಾರಿಯ ಚಹಾದಂಗಡಿಯಲ್ಲಿ ಗುತ್ತಿಗೆದಾರನೇ ಎದುರಾಗುತ್ತಾನೆ. "ಬನ್ನಿ ದಿದಿ, ನಮ್ಮೂರ ಚಳಿ ಹಿಡಿಸ್ತಾ? ಒಂದು ಚಹಾ ಕುಡೀರಿ."

ಮಾರಿತ್ ಕೂರುತ್ತಾರೆ, ಕುಡಿಯುತ್ತಾರೆ. ಹಗೆ ತೋರಿಸುವುದೂ ಅವರ ನಿಯಮಕ್ಕೆ ವಿರುದ್ಧ. ಫುಲಪಾತಿ ಹೊರಗೆ ಸೈಕಲ್ ಹಿಡಿದು ನಿಂತಿರುತ್ತಾಳೆ.

"ಸಕ್ಕರೆ ಸರಿಯಾಗಿತ್ತಾ?" ದಾರಿಯಲ್ಲಿ ಅವಳು ಕೇಳುವುದು ಅಷ್ಟೇ.

ಕಚೇರಿಯಲ್ಲಿ ಗುಮಾಸ್ತ ಎಂದಿನಂತೆ ಮುಂದಿನ ತಿಂಗಳು ಬರಲು ಹೇಳಿ ಕಳಿಸುತ್ತಾನೆ.

ಮುಂದಿನ ತಿಂಗಳು ಮಾರಿತ್ ಇರುವುದಿಲ್ಲ. ಸಂಸ್ಥೆ ಬಾಗಿಲು ಹಾಕುತ್ತಿದೆ. ದೇಣಿಗೆ ಕೊಡುತ್ತಿದ್ದವರ ಕಣ್ಣೀಗ ಬೇರೆ ಯುದ್ಧಗಳ ಮೇಲಿದೆ. ಮಾರಿತ್ ಜಾಗಕ್ಕೆ ಯಾರೂ ಬರುವುದಿಲ್ಲ.

"ಆ ಚಹಾ ನಿಯಮಕ್ಕೋಸ್ಕರ ಕುಡಿದೆ," ಎನ್ನುತ್ತಾರೆ ಮಾರಿತ್. "ಅವಳು ಅರ್ಥ ಮಾಡ್ಕೊಂಡಿರಬಹುದು. ನಾನು ಕೇಳಿಲ್ಲ."

ಸಂಜೆ ಒಲೆಯ ಮುಂದೆ ಕೂತು ಅಕ್ಕಿಹಿಟ್ಟಿನ ಢಿಕ್ರಿ ಕಡುಬು ಹೊಸೆಯುತ್ತ ಫುಲಪಾತಿ ತಲೆಯೆತ್ತದೆ ಹೇಳುತ್ತಾಳೆ, "ಹೋಗೋವಾಗ ನಿನ್ನದೊಂದು ಅಂಗಿ ಬಿಟ್ಟು ಹೋಗು. ಹಗ್ಗದ ಮೇಲೆ ಒಣಹಾಕಿರ್ತೀನಿ. ದಾರೀಲಿ ಹೋಗೋರಿಗೆ ಕಾಣ್ಲಿ. ಯಾರಾದ್ರೂ ಕೇಳಿದ್ರೆ, ವೀಸಾ ಮಾಡ್ಸೋಕೆ ಕಾಠ್ಮಂಡುಗೆ ಹೋಗಿದಾಳೆ ಅಂತೀನಿ."

ಮಾರಿತ್ ಒಪ್ಪಿದ್ದಾರೆ. ಇದು ನಿಯಮದಲ್ಲಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. "ಬಿಸಿಲಿಗೆ ಅದರ ಬಣ್ಣ ಹೋಗೋ ಮುಂಚೆ ಅವಳ ದೂರು ವಿಚಾರಣೆಗೆ ಬರ್ಲಿ," ಎನ್ನುತ್ತಾರೆ. "ನಂಗೆ ಅಷ್ಟು ಸಾಕು."