ಹಗೇವಿನೊಳಗೆ ಒಂದು ಮಧ್ಯಾಹ್ನ

ನಾನು ಚಿಕ್ಕವನಿದ್ದಾಗ ತಿಕೋಟಾದ ನಮ್ಮ ಮನೆಯ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ. ಒಳಗೆ ಹೊಟ್ಟೆ ದೊಡ್ಡದು. ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಎಳೆದುಬಿಟ್ಟರೆ ಅಲ್ಲೊಂದು ಗುಂಡಿ ಇದೆಯೆಂದೇ ತಿಳಿಯುತ್ತಿರಲಿಲ್ಲ.

ಒಂದು ವರ್ಷ ಬೇಸಿಗೆಯಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ಉಳಿದವರು ಅಪ್ಪ, ಅಕ್ಕ, ನಾನು. ಅಕ್ಕ ಶಾಲೆ ಬಿಟ್ಟು ಒಲೆಯ ಮುಂದೆ ಕುಳಿತಳು. ಅಪ್ಪ ಮಾತೇ ಬಿಟ್ಟ. ಊಟಕ್ಕೆ ಕುಳಿತರೆ ರೊಟ್ಟಿ ಮುರಿಯುವ ಸದ್ದು ಬಿಟ್ಟು ಬೇರೆ ಸದ್ದು ಇರುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗಡಿಯಲ್ಲಿ ಯುದ್ಧ ಶುರುವಾಯಿತು. ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯ ರೇಡಿಯೋದ ಮುಂದೆ ಜನ ಗುಂಪುಗೂಡುತ್ತಿದ್ದರು. ಪಕ್ಕದ ದೇಶವೊಂದು ಅಣುಬಾಂಬ್ ಸಿಡಿಸಿ ನೋಡಿದ ಸುದ್ದಿ ಹಿಂದಿನ ವರ್ಷವೇ ಬಂದಿತ್ತು. ಅದು ಎಲ್ಲಿಯದು, ಯಾರದು ಎಂದು ನಮಗೆ ಸರಿಯಾಗಿ ತಿಳಿದಿರಲಿಲ್ಲ. ಒಂದು ಬಾಂಬಿಗೆ ಒಂದು ಊರೇ ಬೂದಿಯಾಗುತ್ತದಂತೆ ಎಂಬುದಷ್ಟೇ ತಲೆಯಲ್ಲಿ ಉಳಿದಿತ್ತು.

ಒಂದು ದಿನ ಅಪ್ಪ ಬಿಜಾಪುರಕ್ಕೆ ಹೋದವನು ಕಂಕುಳಲ್ಲಿ ಕರಿ ಕಾಗದದ ಸುರುಳಿ ಹಿಡಿದುಕೊಂಡು ಬಂದ. ವಿಜಯಪುರಕ್ಕೆ ಆಗ ಬಿಜಾಪುರ ಎಂದೇ ಅನ್ನುತ್ತಿದ್ದೆವು. ರಾತ್ರಿ ದೀಪದ ಬೆಳಕು ಮೇಲೆ ಹಾರುವ ವಿಮಾನಕ್ಕೆ ಕಾಣದಿರಲೆಂದು ಹಿಟ್ಟಿನ ಅಂಟು ಕಾಯಿಸಿ ಕಿಟಕಿಗಳಿಗೆಲ್ಲ ಆ ಕಾಗದ ಅಂಟಿಸಿದ. ಹಗಲಲ್ಲೇ ಮನೆ ಕತ್ತಲಾಯಿತು. ಆಮೇಲೆ ಹಗೇವು ತೆಗೆದು, ಉಳಿದಿದ್ದ ಜೋಳವನ್ನೆಲ್ಲ ಚೀಲಕ್ಕೆ ತುಂಬಿ ಪಡಸಾಲೆಗೆ ಸಾಗಿಸಿದ. ಬಾಜೂ ಮನೆಯ ಕಾಕಾ ಬೇಲಿಯಾಚೆಯಿಂದ ನೋಡಿ ನಕ್ಕ.

“ಅಲ್ಲೋ ಅಣ್ಣಾ, ನಮ್ಮ ತಿಕೋಟಾದಾಗ ಏನೈತಂತ ಬಂದು ಬಾಂಬ್ ಹಾಕ್ತಾರೋ?”

ಅಪ್ಪ ಚೀಲದ ಬಾಯಿ ಕಟ್ಟುತ್ತಲೇ, “ಜ್ವರಾನೂ ನಮ್ಮನಿಗೆ ಬರೂದಿಲ್ಲ ಅಂದ್ಕೊಂಡಿದ್ದೆ. ಬಂತಿಲ್ಲ?” ಅಂದ.

ಕಾಕಾ ಮತ್ತೆ ನಗಲಿಲ್ಲ. ಬೇಲಿ ದಾಟಿ ಬಂದು ಚೀಲಕ್ಕೆ ಕೈ ಹಚ್ಚಿದ.

ಹಗೇವಿನ ಒಳಗಿನ ಗಾಳಿ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಬಾಯಿ ತೆರೆದು ಗಾಳಿಯಾಡಲು ಬಿಟ್ಟ ಮೇಲೆಯೇ ಅಪ್ಪ ಏಣಿ ಇಳಿಸಿದ. ಅಕ್ಕ ಬಹಳ ದಿನ ಕೆಡದ ಕಟಕ್ ರೊಟ್ಟಿ ಮಾಡಿ ಡಬ್ಬಿಗೆ ತುಂಬಿದಳು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಬೆಲ್ಲ, ಒಂದು ಕೊಡ ನೀರು, ಒಂದು ತಂಬಿಗೆ, ಒಂದು ಕಂದೀಲು, ಅವ್ವ ಹಳೆ ಸೀರೆ ಸೇರಿಸಿ ಹೊಲಿದ ಕೌದಿ ಎಲ್ಲವೂ ಕೆಳಗೆ ಹೋದವು. ನನಗೆ ಒಳಗೊಳಗೇ ಖುಷಿ. ಅವ್ವ ಹೋದ ಮೇಲೆ ನಾವು ಮೂವರೂ ಸೇರಿ ಮಾಡಿದ ಮೊದಲ ಕೆಲಸ ಅದು.

ಭಾನುವಾರ ಮಧ್ಯಾಹ್ನ ಅಪ್ಪ, “ಒಮ್ಮೆ ಇಳದು ನೋಡೂಣು” ಅಂದ. ಮೂವರೂ ಇಳಿದೆವು. ಮೇಲಿದ್ದ ಕಾಕಾ, ಅಪ್ಪ ಹೇಳಿದಂತೆ, ಕಲ್ಲು ಎಳೆದು ಬಾಯಿ ಮುಚ್ಚಿದ. ಸುತ್ತಲಿನ ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು. ಹಕ್ಕಿ ಇಲ್ಲ, ಗಾಳಿ ಇಲ್ಲ. ಮುಗ್ಗಿದ ಜೋಳದ ವಾಸನೆ, ಸೀಮೆ ಎಣ್ಣೆಯ ವಾಸನೆ, ಬೆನ್ನಿಗೆ ತಾಗುವ ಮಣ್ಣಿನ ಬೆಚ್ಚನೆಯ ಗೋಡೆ. ನಾವು ಕೌದಿಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತೆವು.

ಅಪ್ಪ ಕಂದೀಲು ಎತ್ತಿ, “ಎಲ್ಲಾರೂ ಬಂದ್ರಿಲ್ಲ?” ಅಂದ.

ಅಂದವನೇ ಕಂದೀಲು ಕೆಳಗಿಟ್ಟ. ಅಕ್ಕ ತಲೆ ತಗ್ಗಿಸಿದಳು. ಅಷ್ಟು ಹತ್ತಿರ ಕುಳಿತೂ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಷ್ಟು ಹೊತ್ತು ಕಳೆಯಿತೋ. ನನಗೆ ಕಣ್ಣು ಎಳೆಯತೊಡಗಿದವು, ತಲೆ ಭಾರವಾಯಿತು. ಅಕ್ಕನ ದನಿ ಕೇಳಿಸಿತು: “ಯಪ್ಪಾ, ದೀಪ ಸಣ್ಣ ಆಗಾಕತ್ತೈತಿ. ಮ್ಯಾಲ ಹೋಗೂಣು ನಡಿ.”

“ಇನ್ನೊಂದೀಟು ಕುಂದ್ರೂಣು. ಇಲ್ಲೆ ನಮಗ ಯಾರೂ ಏನೂ ಮಾಡೂದಿಲ್ಲ.”

ಅಕ್ಕ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಂದು ಅವಳು ಕೂಗಿದಳು. “ಬಾಂಬಿಗಲ್ಲ ಯಪ್ಪಾ, ನಾವು ಇಲ್ಲೇ ಕುಂತು ಸಾಯ್ತೀವಿ! ತಮ್ಮನ್ನ ನೋಡು, ಕಣ್ಣ ತಗೀವಲ್ಲ!”

ಅವಳು ಏಣಿ ಹತ್ತಿ ತಂಬಿಗೆಯಿಂದ ಕಲ್ಲಿಗೆ ಬಡಿದಳು, ಬಡಿದೇ ಬಡಿದಳು. ಕಲ್ಲು ಸರಿದು ಬಿಸಿಲು ಒಳಗೆ ಬಿತ್ತು. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದ್ದು ಕನಸಿನಂತೆ ನೆನಪಿದೆ.

ಬೇವಿನ ಮರದ ನೆರಳಲ್ಲಿ ಕಾಕಾ ನನ್ನ ಮುಖಕ್ಕೆ ನೀರು ಚಿಮುಕಿಸಿದ. ನಾನು ಕಣ್ಣು ಬಿಟ್ಟಾಗ ಅಪ್ಪ ನನ್ನನ್ನು ತಬ್ಬಿಕೊಂಡು ಅಳುತ್ತಿದ್ದ. ಅವ್ವ ಹೋದ ದಿನವೂ ಅವನು ಅತ್ತಿರಲಿಲ್ಲ. ಅಕ್ಕ ಒಂದಿಷ್ಟು ದೂರದಲ್ಲಿ, ಕೈಯಲ್ಲಿ ಇನ್ನೂ ತಂಬಿಗೆ ಹಿಡಿದುಕೊಂಡು, ಒಬ್ಬಳೇ ನಿಂತಿದ್ದಳು. ಅವಳೂ ಇನ್ನೂ ಲಂಗ ತೊಡುವ ಹುಡುಗಿ ಎಂಬುದು ಅಪ್ಪನಿಗೆ ಆಗಲೇ ನೆನಪಾಯಿತೇನೋ. “ಬಾರವಾ, ನನ್ನ ಮಗಳ” ಎಂದು ಕೈ ಚಾಚಿದ. ಅವಳು ತಂಬಿಗೆ ಕೆಳಗಿಟ್ಟು ಬಂದಳು.

ಮರುದಿನ ಜೋಳ ಮತ್ತೆ ಹಗೇವು ಸೇರಿತು. ಅಂದಿನಿಂದ ಅಪ್ಪ ಊಟಕ್ಕೆ ಕುಳಿತಾಗ ಹೊಲದ ಸುದ್ದಿ, ಪೇಟೆಯ ಸುದ್ದಿ ಏನಾದರೊಂದು ಹೇಳುತ್ತಿದ್ದ. ಯುದ್ಧವೂ ಬೇಗನೆ ನಿಂತಿತು. ಬಾಂಬ್ ಬರಲಿಲ್ಲ. ಅವ್ವನೂ ಬರಲಿಲ್ಲ.

ಮೊಮ್ಮಕ್ಕಳೇ, ಈಗ ನಾವಿರುವ ವಿಜಯಪುರದ ಅಥಣಿ ರಸ್ತೆಯ ಈ ಮನೆಯ ಕೆಳಗೆ ನೀರಿನ ಟಾಕಿ ಇದೆ, ಕಾರು ನಿಲ್ಲುವ ಜಾಗ ಇದೆ. ಜೋಳ ಹಿಟ್ಟಾಗಿಯೇ ಪ್ಯಾಕೆಟ್‌ನಲ್ಲಿ ಬರುತ್ತದೆ. ಯುದ್ಧವನ್ನು ನಾವು ರೇಡಿಯೋದ ಮುಂದೆ ಗುಂಪಾಗಿ ನಿಂತು ಕೇಳುತ್ತಿದ್ದೆವು. ನೀವು ಒಬ್ಬೊಬ್ಬರೇ ನಿಮ್ಮ ನಿಮ್ಮ ಕೋಣೆಯಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ನೋಡುತ್ತೀರಿ. ಮೊನ್ನೆ ಸಂಜೆ ನಿಮ್ಮಲ್ಲಿ ಚಿಕ್ಕವಳು ನನ್ನ ಬಳಿ ಬಂದು, ಉರಿಯುತ್ತಿದ್ದ ಯಾವುದೋ ಊರನ್ನು ತೋರಿಸಿ, “ಅಜ್ಜಾ, ಇದು ಇಲ್ಲಿಗೂ ಬರ್ತದೇನು?” ಅಂದಳು. ಬರುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. “ಗೊತ್ತಿಲ್ಲವಾ” ಅಂದೆ. ಅವಳು ಮೊಬೈಲು ಮಗುಚಿಟ್ಟು ನನ್ನ ತೋಳಿಗೆ ಒರಗಿದಳು. ಲೈಟು ಹಾಕುವುದನ್ನೂ ಮರೆತು ಹಾಗೆಯೇ ಕುಳಿತೆವು.

ನಿಮ್ಮ ಕೋಣೆಯಲ್ಲಿ ಹೆದರಿಕೆಯಾದರೆ ನೀವೂ ನನ್ನ ಬಳಿ ಬನ್ನಿ. ಮುದುಕರಿಗೆ ನಿದ್ದೆ ಕಡಿಮೆ. ನಾನು ಎಚ್ಚರವಾಗಿಯೇ ಇರುತ್ತೇನೆ.